ಭಾನುಪ್ರಕಾಶರ ಜಪಾನಿ ಪ್ರಬಂಧ

ಎಲ್ಲದಕ್ಕೂ ಕಾರಣ ಮೂರು ಅಂತಸ್ತಿನ ಒಂದು ಟಿಫನ್ ಕ್ಯಾರಿಯರ್.

ಎರಡನೇ ಶನಿವಾರ ಬೆಳಿಗ್ಗೆ, ತುಮಕೂರಿನ ಶೆಟ್ಟಿಹಳ್ಳಿಯ ತಮ್ಮ ಮನೆಯಲ್ಲಿ, ಕನ್ನಡ ಅಧ್ಯಾಪಕ ಭಾನುಪ್ರಕಾಶರು ಕನ್ನಡಿಯ ಮುಂದೆ ನಿಂತು 'ಮಾನ್ಯ ಅಧ್ಯಕ್ಷರೇ' ಎಂಬ ಎರಡು ಪದಗಳನ್ನು ಹನ್ನೊಂದನೇ ಸಲ ಹೇಳಿ ನೋಡುತ್ತಿದ್ದರು. ಅದೇ ಹೊತ್ತಿಗೆ ನಡುಮನೆಯಲ್ಲಿ ಅವರ ಅತ್ತೆ ಹೊಂಬಾಳಮ್ಮ ಅಳಿಯನ ಹೆಗಲುಚೀಲ ಬಿಚ್ಚಿದರು. ಪ್ರತಿ ಶುಕ್ರವಾರದ ಹಾಗೆ ಹಿಂದಿನ ದಿನ ಅಮೃತೂರಿನಿಂದ ಬಂದಿದ್ದ ಆಕೆಗೆ ಅಳಿಯ ಹೊರಗಡೆ ಉಣ್ಣುವುದೆಂದರೆ ಆಗದು. ಕ್ಯಾರಿಯರ್ ಚೀಲದೊಳಗೆ ಹಿಡಿಯಲಿಲ್ಲ. ಎರಡು ದಪ್ಪ ನೋಟ್‌ಬುಕ್ಕುಗಳು ಅಡ್ಡ ಬಂದಿದ್ದವು. ಗುಬ್ಬಿಗೆ ಹೋಗಿಬರುವವರಿಗೆ ಎರಡೆರಡು ಪುಸ್ತಕ ಯಾಕೆ ಅನ್ನಿಸಿ, ಅವನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟು, ಕ್ಯಾರಿಯರನ್ನು ಕೂಸು ಮಲಗಿಸಿದ ಹಾಗೆ ಚೀಲದಲ್ಲಿ ಮಲಗಿಸಿ ಜಿಪ್ ಎಳೆದರು.

ಭಾನುಪ್ರಕಾಶರು ಬಂದವರೇ ಚೀಲ ಎತ್ತಿದರು. ಭಾರವಾಗಿತ್ತು. ತಮ್ಮ ಪ್ರಬಂಧದ ತೂಕವೇ ಅಷ್ಟು ಎಂದುಕೊಂಡು ಹೊರಟರು.

ಗುಬ್ಬಿಯ ಒಂದು ಸಾಹಿತ್ಯ ಸಂಘ ಅವತ್ತು ವಿಚಾರ ಸಂಕಿರಣ ಇಟ್ಟುಕೊಂಡಿತ್ತು. ಭಾನುಪ್ರಕಾಶರ ವಿಷಯ, 'ದಿನಚರಿ ರೂಪದ ಆಧುನಿಕ ಜಪಾನಿ ಕಾದಂಬರಿಯೊಂದರಲ್ಲಿ ರಂಗಭೂಮಿಯ ಅಂಶಗಳು'. ಇಂಥ ವಿಷಯದ ಮೇಲೆ ಇಡೀ ಜಿಲ್ಲೆಯಲ್ಲಿ ಮಾತಾಡಬಲ್ಲವರು ತಾವೊಬ್ಬರೇ ಎಂದು ಅವರಿಗೆ ಗಟ್ಟಿ ನಂಬಿಕೆಯಿತ್ತು. ಆ ಕಾದಂಬರಿಯ ಅನುವಾದವನ್ನು ಓದಿದವರು ಇಡೀ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಆ ನಂಬಿಕೆಗೆ ಆಧಾರವೂ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ರಾಮಾಂಜಿನಯ್ಯ ಜೊತೆಯಾದರು. ಇವರ ಕಾಲೇಜಿನಲ್ಲೇ ಇತಿಹಾಸ ಹೇಳುವವರು, ಭಾನುಪ್ರಕಾಶರಿಗಿಂತ ಹತ್ತು ವರ್ಷ ದೊಡ್ಡವರು. ಕರೆಯದಿದ್ದರೂ ಎಲ್ಲ ಕಡೆಗೂ ಜೊತೆಗೆ ಬರುವ ಸ್ವಭಾವ.

"ಏನಯ್ಯ ಭಾನು, ಅದೇನದು ಜಪಾನು? ನನಗೂ ಸ್ವಲ್ಪ ಹೇಳು, ಕೇಳೋಣ," ಎಂದರು ಖಾಸಗಿ ಬಸ್ಸಿನ ಕಿಟಕಿ ಸೀಟು ಹಿಡಿದು.

ಭಾನುಪ್ರಕಾಶರು ಇದಕ್ಕೇ ಕಾದಿದ್ದರು. "ನೋಡಿ, ಒಬ್ಬ ಗಂಡ, ಒಬ್ಬಳು ಹೆಂಡತಿ. ಅವನೂ ಡೈರಿ ಬರೀತಾನೆ, ಇವಳೂ ಡೈರಿ ಬರೀತಾಳೆ. ಇಬ್ರೂ ಗುಟ್ಟಾಗಿ. ಆದ್ರೆ ಇನ್ನೊಬ್ರ ಕೈಗೆ ಸಿಗೋ ಹಂಗೇ ಇಡ್ತಾರೆ. ಇವನು ಅವಳದ್ದು ಓದ್ತಾನೆ, ಓದಿಲ್ಲ ಅಂತ ಆಕ್ಟ್ ಮಾಡ್ತಾನೆ. ಅವಳು ಇವನದ್ದು ಓದ್ತಾಳೆ, ಓದಿಲ್ಲ ಅಂತ ಆಕ್ಟ್ ಮಾಡ್ತಾಳೆ."

"ಹೇಳ್ಬೇಕಾದ್ದನ್ನ ಎದುರಿಗೇ ಹೇಳಿದ್ರೆ ಆಯ್ತಲ್ಲ?"

"ಹೇಳಿದ್ರೆ ಕಾದಂಬರಿ ಮುಗಿದುಹೋಗುತ್ತೆ ಸಾರ್."

"ಅದೂ ಸರಿ ಅನ್ನು," ಎಂದು ರಾಮಾಂಜಿನಯ್ಯ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ಕುಣಿಸಿದರು.

"ನನ್ನ ವಾದ ಏನಪ್ಪಾ ಅಂದ್ರೆ, ಆ ಮನೆ ಮನೆಯಲ್ಲ, ರಂಗಸ್ಥಳ. ಡೈರಿ ಅನ್ನೋದು ಸ್ವಗತ. ಕೇಳಿಸಲಿ ಅಂತಾನೇ ಹೇಳಿದ ಸ್ವಗತ. ಇದಕ್ಕೆ ನಮ್ಮೂರಿನ ಉದಾಹರಣೆ ಇರ್ಲಿ ಅಂತ ನಾನೇ ಹತ್ತು ದಿನದ ಡೈರಿ ಒಂದನ್ನ ಸೃಷ್ಟಿ ಮಾಡಿದೀನಿ. ತುಮಕೂರಿನ ಒಬ್ಬ ಕಾಲ್ಪನಿಕ ಗಂಡ. ಒಂದು ಪುಟ ಓದ್ತೀನಿ, ತಾಳಿ."

ಜಿಪ್ ಎಳೆದರು. ಒಳಗಿನಿಂದ ಬದನೇಕಾಯಿ ಗೊಜ್ಜಿನ ವಾಸನೆ ಬಂತು.

ಭಾನುಪ್ರಕಾಶರು ಕ್ಯಾರಿಯರನ್ನು ಹೊರಗೆ ತೆಗೆದರು. ಚೀಲವನ್ನು ತಲೆಕೆಳಗು ಮಾಡಿದರು. ಒಂದು ಚಮಚ ಬಿತ್ತು.

"ಪ್ರಬಂಧ ಎಲ್ಲಯ್ಯ?"

"ಮನೇಲೇ ಉಳ್ಕೊಂಡಿದೆ," ಎಂದರು ಭಾನುಪ್ರಕಾಶರು. ಒಂದು ನಿಮಿಷ ಮುಖ ಬಿಳಿಚಿಕೊಂಡಿತು. ಎರಡನೇ ನಿಮಿಷಕ್ಕೆ ಬಣ್ಣ ತಿರುಗಿತು. "ಚಿಂತೆ ಇಲ್ಲ ಸಾರ್. ಇಡೀ ಪ್ರಬಂಧ ನನ್ನ ಬಾಯಲ್ಲಿದೆ. ಕಾಗದ ನೋಡ್ಕೊಂಡು ಓದೋರು ಅರ್ಧಂಬರ್ಧ ತಿಳ್ಕೊಂಡಿರೋರು."

ಆದರೂ ಹೆಂಡತಿಗೆ ಫೋನ್ ಮಾಡಿದರು. ಪ್ರಮೀಳಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ರಜಾ ದಿನ ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬರುವುದು ಅವರ ಪದ್ಧತಿ, ಮಿಲ್ಲಿನ ಗಲಾಟೆಯಲ್ಲಿ ಫೋನ್ ಕೇಳಿಸುವುದಿಲ್ಲ. ಮೂರು ಸಲ ರಿಂಗಾಗಿ ನಿಂತಿತು.

ಬಸ್ಸು ಊರು ದಾಟುವಷ್ಟರಲ್ಲಿ ಫೋನ್ ಬಂತು. ಪ್ರಮೀಳಾ ಅಲ್ಲ, ಎದುರು ಮನೆಯ ಕದರಮ್ಮ. ಐವತ್ತೆಂಟು ವರ್ಷದ ಕದರಮ್ಮನಿಗೆ ಬೀದಿಯ ಯಾವ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಕಡಿಮೆ ಬಿತ್ತು ಎಂಬುದೂ ಗೊತ್ತಿರುತ್ತಿತ್ತು. ಬಸ್ಸಿನ ಸದ್ದಿಗೆ ಮಾತು ಕೇಳಿಸಲಿಲ್ಲವೆಂದು ಭಾನುಪ್ರಕಾಶರು ಸ್ಪೀಕರ್ ಹಾಕಿದರು. ಅದೊಂದು ಕೆಲಸ ಮಾಡಬಾರದಿತ್ತು.

"ಮೇಷ್ಟ್ರೇ! ನಾನು ನಿಮ್ಮ ತಾಯಿ ವಯಸ್ನೋಳು ಕಣ್ರೀ!"

ಹಿಂದಿನ ಎರಡು ಸೀಟು, ಮುಂದಿನ ಮೂರು ಸೀಟು ಒಟ್ಟಿಗೆ ತಿರುಗಿದವು.

"ಏನಾಯ್ತು ಕದರಮ್ಮನೋರೇ?"

"ಏನಾಯ್ತಾ? ನಿಮ್ಮತ್ತೆಮ್ಮ ಫ್ರಿಜ್ಜಿನ ಮ್ಯಾಲಿಂದ ಡೈರಿ ತಗಂಡು ಜೋರಾಗಿ ಓದ್ತಾವ್ರೆ. 'ಎದುರು ಮನೆ ಬಾಲ್ಕನಿಯಲ್ಲಿ ಇವತ್ತೂ ಹಸಿರು ಸೀರೆ ಕಂಡಿತು. ಹೆಂಡತಿಗೆ ಇದು ಗೊತ್ತಿಲ್ಲ' ಅಂತ ಬರ್ದಿದೀರಿ. ಎದುರು ಮನೆ ನಮ್ದೇ. ಬಾಲ್ಕನಿ ಇರೋದೂ ನಮಗೇ. ಹಸಿರು ಸೀರೇನೂ ನಂದೇ!"

"ಅಯ್ಯೋ, ಅದು ಕಲ್ಪನೆ ಕಣಮ್ಮ! ಸಾಹಿತ್ಯ! ಆ ಗಂಡ ನಾನಲ್ಲ!"

"ಅದೆಲ್ಲ ನಂಗೊತ್ತಿಲ್ಲ. ನಾನು ನಮ್ಮೆಜಮಾನ್ರಿಗೆ ಓದಿ ಹೇಳ್ದೆ. ನೋಡಿ, ಮೂವತ್ತೆಂಟು ವರ್ಷದಲ್ಲಿ ನೀವು ಒಂದು ದಿನಾನಾದ್ರೂ ನನ್ನ ಸೀರೆ ಬಣ್ಣ ನೋಡಿದ್ರಾ, ಎದುರು ಮನೆ ಮೇಷ್ಟ್ರನ್ನ ನೋಡಿ ಕಲೀರಿ ಅಂದೆ. ಅವ್ರು ಎದ್ದು ದೊಣ್ಣೆ ಹುಡುಕ್ತಾವ್ರೆ."

ಅಷ್ಟರಲ್ಲಿ ಫೋನು ಕೈ ಬದಲಾಯಿಸಿತು. "ಅಳಿಯಂದ್ರೇ," ಎಂಬ ಧ್ವನಿ ಕೇಳಿಸಿತು. ಹೊಂಬಾಳಮ್ಮ ಬೈಯುವುದಿಲ್ಲ, ಮೆತ್ತಗೆ ಮಾತಾಡುತ್ತಾರೆ. ಭಾನುಪ್ರಕಾಶರಿಗೆ ಅದೇ ಭಯ. "ಏಳನೇ ತಾರೀಕಿನದು ಓದಿದೆ. 'ಅವಳಿಗೆ ಗೊತ್ತಿದೆ. ಗೊತ್ತಿಲ್ಲವೆಂದು ನಟಿಸುತ್ತಿದ್ದಾಳೆ. ಅವಳು ನಟಿಸುತ್ತಿರುವುದು ನನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಿದೆಯೇ?' ಅಂತ ಬರ್ದಿದೀರಲ್ಲ, ಯಾರ್ಗೆ ಏನು ಗೊತ್ತು? ಮೂರು ಸಲ ಓದ್ದೆ, ತಲೆ ಸುತ್ತು ಬಂತು."

"ಅದು ಜಪಾನಿ ಶೈಲಿ, ಅತ್ತೆ."

"ನಮ್ಮ ಮಗು ಮಿಲ್ಲಿಂದ ಬರ್ಲಿ. ಅವಳ ಕೈಗೇ ಕೊಡ್ತೀನಿ. ಲೆಕ್ಕದ ಮೇಡಮ್ಮು, ಬಿಡಿಸ್ತಾಳೆ." ಫೋನ್ ಕಟ್ಟಾಯಿತು.

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನಿಂತಿದ್ದ. "ಸಾರ್, ತಪ್ಪು ತಿಳ್ಕೋಬೇಡಿ. ಆ ಹಸಿರು ಸೀರೆ ಮುಂದೆ ಏನಾಗುತ್ತೆ?" ಎಂದು ಕೇಳಿದ.

ಬೇರೆಯವರಾಗಿದ್ದರೆ ಮುಂದಿನ ಸ್ಟಾಪಿನಲ್ಲೇ ಇಳಿದು ಮನೆಗೆ ಓಡುತ್ತಿದ್ದರು. ಭಾನುಪ್ರಕಾಶರಿಗೆ ಒಳಗೊಳಗೇ ಖುಷಿಯಾಗಿತ್ತು. "ನೋಡಿದ್ರಾ ಸಾರ್," ಎಂದರು ರಾಮಾಂಜಿನಯ್ಯನವರ ಕಿವಿಯಲ್ಲಿ. "ನಾನು ಬರೆದದ್ದನ್ನ ಓದಿದೋರು ನಿಜ ಅಂತ ನಂಬಿಬಿಟ್ರು. ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪ್ರಮೀಳಾ ಓದಿದ್ರೆ ಒಂದೇ ನಿಮಿಷಕ್ಕೆ ಕತೆ ಅಂತ ಗೊತ್ತಾಗುತ್ತೆ. ಅವಳು ಬುದ್ಧಿವಂತೆ."

"ಅದು ಮಾತ್ರ ನಿಜ ಕಣಯ್ಯ," ಎಂದರು ರಾಮಾಂಜಿನಯ್ಯ, ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿ. ಆಮೇಲೆ ಕಿಟಕಿಯಾಚೆ ತೆಂಗಿನ ತೋಟ ನೋಡುತ್ತ ಕೂತುಬಿಟ್ಟರು.

ಗುಬ್ಬಿಯ ಸಭಾಂಗಣದಲ್ಲಿ ನಲವತ್ತು ಜನ ಇದ್ದರು. ಬಾಗಿಲಲ್ಲಿ ಕಾಫಿ ಕೊಟ್ಟರು, ಎದೆಗೆ ಬಟ್ಟೆಯ ಹೂವು ಚುಚ್ಚಿದರು. ಭಾನುಪ್ರಕಾಶರು ಗಂಭೀರವಾಗಿ ಮುಂದಿನ ಸಾಲಿಗೆ ನಡೆದು, ವೇದಿಕೆಯ ಮೇಲೆ ಅಧ್ಯಕ್ಷರ ಕುರ್ಚಿ ನೋಡಿದರು. ಅವರ ಕೈಯಲ್ಲಿದ್ದ ಕಾಫಿ ಲೋಟ ಒಂದು ಕಡೆಗೆ ವಾಲಿತು.

ಕುರ್ಚಿಯಲ್ಲಿ ಪುಟ್ಟರಂಗಯ್ಯ ಕೂತಿದ್ದರು.

ಪುಟ್ಟರಂಗಯ್ಯ ಎಪ್ಪತ್ತು ದಾಟಿದ ನಾಟಕದ ಮೇಷ್ಟ್ರು. ಗುಬ್ಬಿಯಲ್ಲಿ ಹೆಂಗಸರದ್ದೇ ಒಂದು ನಾಟಕ ಮಂಡಳಿ ಕಟ್ಟಿದ್ದರು, ಗಂಡು ಪಾತ್ರಗಳನ್ನೂ ಹೆಂಗಸರೇ ಕಟ್ಟುವ ಮಂಡಳಿ. ಎರಡು ವರ್ಷದ ಹಿಂದೆ ಅವರು ಭಾನುಪ್ರಕಾಶರ ಕೈಗೆ ಒಂದು ಲಕೋಟೆ ಕೊಟ್ಟಿದ್ದರು. "ನಿಮ್ಮ ಮನೆಯವರು ಕಾಲೇಜಲ್ಲಿದ್ದಾಗ ಪಾರ್ಟು ಮಾಡಿದ್ದನ್ನ ನಾನು ನೋಡಿದೀನಿ ಸಾರ್. ಅಂಥ ಕಂಠ ಇವತ್ತಿಗೂ ಇನ್ನೊಂದು ಕೇಳಿಲ್ಲ. ನಮ್ಮ ಮಂಡಳಿಗೆ ಬರಬೇಕು ಅಂತ ಬರ್ದಿದೀನಿ, ದಯವಿಟ್ಟು ತಲುಪಿಸಿ" ಎಂದಿದ್ದರು.

ಭಾನುಪ್ರಕಾಶರು ಆ ಲಕೋಟೆಯನ್ನು ಮನೆಯ ಕಪಾಟಿನ ಹಳೆಯ ಛಂದಸ್ಸಿನ ಪುಸ್ತಕದಲ್ಲಿಟ್ಟರು. ಆ ಪುಸ್ತಕವನ್ನು ಅವರೇ ಹದಿನೈದು ವರ್ಷದಿಂದ ತೆರೆದಿರಲಿಲ್ಲ, ಬೇರೆಯವರು ತೆರೆಯುವ ಮಾತೇ ಇರಲಿಲ್ಲ. ವಾರ ಬಿಟ್ಟು ಪುಟ್ಟರಂಗಯ್ಯನವರಿಗೆ ಫೋನ್ ಮಾಡಿ, "ಅವಳಿಗೆ ಮೊಣಕಾಲು ನೋವು. ನಿಲ್ಲೋಕಾಗಲ್ಲ. ಬಹಳ ಬೇಜಾರು ಮಾಡ್ಕೊಂಡ್ಲು" ಎಂದರು. ಪ್ರಮೀಳಾಗೆ ಏನೂ ಹೇಳಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಅವರನ್ನು ಅವರೇ ಕೇಳಿಕೊಂಡಾಗಲೆಲ್ಲ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದರು. ಯಾವುದೂ ನಿಜವಾದ ಉತ್ತರವಾಗಿರಲಿಲ್ಲ.

ಈಗ ಪುಟ್ಟರಂಗಯ್ಯ ವೇದಿಕೆಯಿಂದಲೇ ಕೈಮುಗಿದರು, ನಕ್ಕರು. ಆ ನಗು ಭಾನುಪ್ರಕಾಶರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಗುಂಯ್ ಅಂದಿತು. ಪ್ರಮೀಳಾಳ ಮೆಸೇಜು.

'ಎಲ್ಲ ಗೊತ್ತಾಯ್ತು. ಬರ್ತಿದೀನಿ.'

ಅಷ್ಟೇ. ರೀ ಇಲ್ಲ, ಪ್ರಶ್ನೆ ಇಲ್ಲ, ನಗುವ ಮುಖದ ಬೊಂಬೆಯೂ ಇಲ್ಲ.

ಸಾಮಾನ್ಯ ಗಂಡಸಾಗಿದ್ದರೆ ಡೈರಿಯ ವಿಷಯವೇ ಇರಬೇಕು ಅಂದುಕೊಳ್ಳುತ್ತಿದ್ದ. ಆದರೆ ಭಾನುಪ್ರಕಾಶರು ಆರು ತಿಂಗಳಿಂದ ಜಪಾನಿ ಕಾದಂಬರಿಯಲ್ಲಿ ಮುಳುಗಿದ್ದವರು. ಒಂದು ಮಾತಿನ ಹಿಂದೆ ಇನ್ನೊಂದು ಮಾತು, ಅದರ ಹಿಂದೆ ಮತ್ತೊಂದು ಮುಖ ಇರುತ್ತದೆ ಎಂದು ನಲವತ್ತು ಪುಟ ಬರೆದಿದ್ದವರು. ಅವರ ತಲೆ ಓಡಿತು. ಡೈರಿ ಕತೆಯೆಂದು ಪ್ರಮೀಳಾಗೆ ನೋಡಿದ ಕೂಡಲೇ ತಿಳಿಯುತ್ತದೆ. ಹಾಗಾದರೆ ಅವಳು ಅಷ್ಟಕ್ಕೆಲ್ಲ ಗುಬ್ಬಿಯವರೆಗೆ ಬರುವವಳಲ್ಲ. 'ಎಲ್ಲ' ಎಂದಿದ್ದಾಳೆ. ಪುಟ್ಟರಂಗಯ್ಯ ಇಲ್ಲಿದ್ದಾರೆ, ನಗುತ್ತಿದ್ದಾರೆ. ಅಂದರೆ ಇವರು ಅವಳಿಗೆ ಹೇಳಿದ್ದಾರೆ. ಡೈರಿ ಬರೀ ನೆಪ, ಅದು ಪರದೆ. ಪರದೆಯ ಹಿಂದೆ ಇರುವುದು ಲಕೋಟೆ!

ಪತ್ತೇದಾರಿ ಪೂರ್ತಿಯಾದಾಗ ಅವರಿಗೆ ಒಂದು ಕ್ಷಣ ತಮ್ಮ ಬುದ್ಧಿಯ ಬಗ್ಗೆ ಹೆಮ್ಮೆಯೇ ಆಯಿತು. ಆಮೇಲೆ ಬೆವರು ಬಂತು.

"ಸಾರ್," ಎಂದು ರಾಮಾಂಜಿನಯ್ಯನವರನ್ನು ಮೂಲೆಗೆಳೆದು ಎಲ್ಲ ಹೇಳಿಕೊಂಡರು. "ಏನ್ ಮಾಡ್ಲಿ ಈಗ?"

ರಾಮಾಂಜಿನಯ್ಯ ಬಹಳ ಹೊತ್ತು ಕೆಮ್ಮಿದರು. ಕೆಮ್ಮಿ ಕಣ್ಣೊರೆಸಿಕೊಂಡು, "ನೋಡಯ್ಯ, ತಪ್ಪು ಮಾಡಿದೀಯ. ಒಪ್ಕೊಂಡು ಬುಡು. ಅವಳು ಕೇಳೋಕೆ ಮುಂಚೆ ನೀನೇ ಹೇಳಿದ್ರೆ ಸ್ವಲ್ಪ ಮರ್ಯಾದೆ ಉಳಿಯುತ್ತೆ," ಎಂದರು.

"ಎಲ್ರ ಮುಂದೇನಾ?"

"ಎಲ್ರ ಮುಂದೆ ಹೇಳಿದ್ರೆ ಮನೇಲಿ ಹೊಡೆಯೋದು ಕಮ್ಮಿ."

ಹೆಸರು ಕರೆದರು. ಭಾನುಪ್ರಕಾಶರು ಮೈಕಿನ ಮುಂದೆ ನಿಂತರು, 'ಮಾನ್ಯ ಅಧ್ಯಕ್ಷರೇ' ಎಂದರು. ಹನ್ನೊಂದು ಸಲ ಕನ್ನಡಿಗೆ ಹೇಳಿದ್ದು ವ್ಯರ್ಥವಾಗಲಿಲ್ಲ, ಧ್ವನಿ ಗೋಡೆಗೆ ಬಡಿದು ವಾಪಸ್ ಬಂತು. ಕಾಗದವಿಲ್ಲದೆ ಮಾತಾಡುವ ಅವರನ್ನು ನೋಡಿ ಹಿಂದಿನ ಸಾಲಿನವರು ಮೊಬೈಲು ಕೆಳಗಿಟ್ಟರು.

"ನಾಟಕದಲ್ಲಿ ಸ್ವಗತ ಎಂದರೇನು? ರಂಗದ ಮೇಲೆ ಒಬ್ಬ ತನಗೆ ತಾನೇ ಮಾತಾಡಿಕೊಳ್ಳುತ್ತಾನೆ. ಪಕ್ಕದಲ್ಲೇ ನಿಂತ ಪಾತ್ರಕ್ಕೆ ಅದು ಕೇಳಿಸುವುದಿಲ್ಲ, ಕಟ್ಟಕಡೆಯ ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತಿರುವವನಿಗೆ ಕೇಳಿಸುತ್ತದೆ. ಈ ಜಪಾನಿ ಕಾದಂಬರಿಯಲ್ಲಿ ಅದು ಉಲ್ಟಾ ಆಗಿದೆ. ಇಲ್ಲಿ ಸ್ವಗತವಿರುವುದೇ ಪಕ್ಕದ ಪಾತ್ರದ ಕಿವಿಗೆ ಬೀಳಲಿ ಎಂದು. ಗಂಡ ಬರೆಯಲು ಕೂತ ಎಂದರೆ ಬಣ್ಣ ಹಚ್ಚಲು ಕೂತ ಎಂದೇ ಅರ್ಥ. ಕಪಾಟಿನ ಬಾಗಿಲೇ ಪರದೆ. ಪುಟದ ನಡುವೆ ಬಿಟ್ಟ ಒಂದು ಎಳೆ ದಾರವೇ ನಾಟಕ ಶುರುವಾಗುವ ಮೂರನೇ ಗಂಟೆ. ಇಬ್ಬರಲ್ಲಿ ಒಬ್ಬರು ನಟರಾದಾಗ ಇನ್ನೊಬ್ಬರು ಪ್ರೇಕ್ಷಕರು, ಆದರೆ ಯಾವಾಗ ಯಾರು ಯಾರು ಎಂಬುದು ಕೊನೆಯವರೆಗೆ ಇಬ್ಬರಿಗೂ ತಿಳಿಯುವುದಿಲ್ಲ..."

ಚಪ್ಪಾಳೆ ಬಿತ್ತು. ಅಧ್ಯಕ್ಷರೂ ತಲೆದೂಗಿದರು. ಭಾನುಪ್ರಕಾಶರು ಗಾಳಿಪಟದ ಹಾಗೆ ಮೇಲೇರುತ್ತಿದ್ದರು. ಆಗ ಸಭಾಂಗಣದ ಹಿಂದಿನ ಬಾಗಿಲು ತೆರೆಯಿತು.

ಮೊದಲು ಹೊಂಬಾಳಮ್ಮ ಬಂದರು. ಅವರ ಹಿಂದೆ ಕದರಮ್ಮ, ಹಸಿರು ಸೀರೆಯುಟ್ಟು, ತಲೆಗೆ ಕನಕಾಂಬರ ಮುಡಿದು. ಕೊನೆಗೆ ಪ್ರಮೀಳಾ, ಎದೆಗೆ ಎರಡು ನೋಟ್‌ಬುಕ್ ಅವುಚಿಕೊಂಡು. ಮೂವರೂ ಹಿಂದಿನ ಗೋಡೆಗೆ ಒರಗಿ ನಿಂತರು. ಪ್ರಮೀಳಾ ಒಂದು ಕೈಯೆತ್ತಿ ಏನೋ ಸನ್ನೆ ಮಾಡಿದರು. ಪುಸ್ತಕ ತಂದಿದ್ದೇನೆ ಎಂಬ ಸನ್ನೆ ಅದು. ಭಾನುಪ್ರಕಾಶರಿಗೆ ಮಾತ್ರ ಅದು 'ಇಳಿದು ಬಾ, ಇದೆ ನಿನಗೆ' ಎಂಬಂತೆ ಕಂಡಿತು.

ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸಭಿಕರೇ, ಜಪಾನಿನವರೆಗೆ ಯಾಕೆ ಹೋಗಬೇಕು? ಇಲ್ಲೇ ಒಬ್ಬ ಗಂಡನಿದ್ದಾನೆ. ಅದು ನಾನೇ. ಪ್ರಮೀಳಾ, ನಿನಗೆ ಎಲ್ಲ ಗೊತ್ತಾಗಿದೆ ಅಂತ ನನಗೂ ಗೊತ್ತಾಗಿದೆ. ಎರಡು ವರ್ಷದ ಹಿಂದೆ ಅಧ್ಯಕ್ಷರು ನಿನ್ನನ್ನ ನಾಟಕಕ್ಕೆ ಕರೆದು ಕಾಗದ ಕೊಟ್ಟಿದ್ರು. ಅದನ್ನ ನಾನು ಬಚ್ಚಿಟ್ಟೆ. ನಿನಗೆ ಮೊಣಕಾಲು ನೋವು ಅಂತ ಇವರಿಗೆ ಸುಳ್ಳು ಹೇಳ್ದೆ. ಅಡುಗೆ ಯಾರು ಮಾಡ್ತಾರೆ ಅಂತಲ್ಲ. ನೀನು ರಂಗಕ್ಕೆ ಹತ್ತಿದ್ರೆ ಇಷ್ಟು ವರ್ಷ ನನ್ನ ಮೇಷ್ಟ್ರು ಮೇಷ್ಟ್ರು ಅಂದೋರೆಲ್ಲ ನಾಳೆಯಿಂದ 'ಪ್ರಮೀಳಮ್ಮನ ಗಂಡ' ಅಂತಾರೆ. ಅದಕ್ಕೆ ಹೊಟ್ಟೆಕಿಚ್ಚು ಬಂತು. ಇಷ್ಟೇ ನಿಜ."

ಆಮೇಲೆ ಚಪ್ಪಾಳೆ ಎಂಥದ್ದು! ಮುಂದಿನ ಸಾಲಿನ ನಿವೃತ್ತ ತಹಶೀಲ್ದಾರರೊಬ್ಬರು ಎದ್ದು ನಿಂತು, "ಆಹಾ, ಏನ್ ಉದಾಹರಣೆ! ಏನ್ ಅಭಿನಯ!" ಎಂದು ಕೂಗಿದರು.

ಪ್ರಮೀಳಾ ನಡುವಿನ ದಾರಿಯಲ್ಲಿ ನಡೆದುಬಂದು ವೇದಿಕೆ ಹತ್ತಿದರು. "ಏನ್ರೀ ಇದು? ನಾನು ನೋಟ್‌ಬುಕ್ ಕೊಡೋಕೆ ಬಂದ್ರೆ..."

"ಎಲ್ಲ ಗೊತ್ತಾಯ್ತು ಅಂತ ಮೆಸೇಜ್ ಹಾಕಿದ್ಯಲ್ಲ?"

"ಹೂಂ. ಸಂಕಿರಣ ಯಾವ ಹಾಲಲ್ಲಿ, ಎಷ್ಟು ಗಂಟೆಗೆ, ನಿಮ್ಮ ಸರದಿ ಎಷ್ಟನೇದು, ಎಲ್ಲ ಗೊತ್ತಾಯ್ತು ಅಂತ. ನಿಮ್ಮ ಪ್ರಿನ್ಸಿಪಾಲರಿಗೆ ಫೋನ್ ಮಾಡಿ ಕೇಳ್ದೆ."

"ಆ ಡೈರಿ...?"

"ಓದ್ದೆ. ಗಂಡ ತಟ್ಟೆ ತೊಳೆದಿಟ್ಟ ಅಂತ ಎರಡನೇ ಪುಟದಲ್ಲೇ ಇತ್ತು. ಕತೆ ಅಂತ ಅಲ್ಲೇ ಗೊತ್ತಾಯ್ತು."

ಭಾನುಪ್ರಕಾಶರ ತಲೆಯೊಳಗೆ ತಾವು ಕಟ್ಟಿದ್ದ ತರ್ಕವೆಲ್ಲ ಹಳೇ ಮನೆಯ ಹೆಂಚಿನ ಹಾಗೆ ಒಂದೊಂದಾಗಿ ಜಾರಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ತಾವೇ ಎದ್ದು ನಿಂತು, ಮೈಕಿನಲ್ಲಿ, ನಲವತ್ತು ಜನರ ಮುಂದೆ ಹೇಳಿದ್ದರು. ಆದರೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅದನ್ನು ಕೇಳಿ ಅವರಿಗೆ ಧೈರ್ಯ ಮರಳಿತು. ಸಭೆಯ ಕಡೆ ತಿರುಗಿ ನಕ್ಕರು. "ಸಭಿಕರು ಸರಿಯಾಗಿಯೇ ಗುರುತಿಸಿದ್ದಾರೆ. ಇದು ಒಂದು ಉದಾಹರಣೆ. ಕಾಲ್ಪನಿಕ. ಲಕೋಟೆಯೂ ಇಲ್ಲ, ಮೊಣಕಾಲೂ ಇಲ್ಲ."

ಪುಟ್ಟರಂಗಯ್ಯ ಅಧ್ಯಕ್ಷರ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಉದಾಹರಣೆ ಬಹಳ ಚೆನ್ನಾಗಿದೆ. ಆದ್ರೆ ಲಕೋಟೆ ಕೊಟ್ಟೋನು ನಾನೇ ಅಲ್ವಾ ಸಾರ್?"

ನಗು ಹಿಂದಿನ ಗೋಡೆಯಿಂದ ಶುರುವಾಗಿ ಮುಂದಿನ ಸಾಲಿಗೆ ಬಂತು.

"ಮೊಣಕಾಲು ನೋವು ಅಂದ್ರಲ್ಲ, ನನಗೆ ಬಹಳ ಸಂಕಟ ಆಯ್ತು," ಎಂದು ಪುಟ್ಟರಂಗಯ್ಯ ಮುಂದುವರಿಸಿದರು. "ಹೆಬ್ಬೂರಿನ ಕಡೆಯಿಂದ ನೋವಿನ ಎಣ್ಣೆ ಕೊಂಡ್ಕೊಂಡು, ಆ ವಾರಾನೇ ನಿಮ್ಮ ಮನೆಗೆ ಹೋದೆ. ನೀವು ಕಾಲೇಜಿಗೆ ಹೋಗಿದ್ರಿ. ಪ್ರಮೀಳಮ್ಮ ಸ್ಟೂಲ್ ಹತ್ತಿ ಜೇಡರಬಲೆ ತೆಗೀತಿದ್ರು. ದಬಕ್ ಅಂತ ಕೆಳಗೆ ಹಾರಿ, ಏನ್ ಸಮಾಚಾರ ಅಂದ್ರು."

ಭಾನುಪ್ರಕಾಶರು ಹೆಂಡತಿಯ ಕಡೆ ತಿರುಗಿದರು. "ಅಂದ್ರೆ... ನಿನಗೆ ಎರಡು ವರ್ಷದಿಂದ..."

"ಗೊತ್ತಿತ್ತು," ಎಂದರು ಪ್ರಮೀಳಾ.

"ಮತ್ತೆ ಹೇಳ್ಲಿಲ್ಲ?"

"ನೀವಾಗೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ಮೊದಲನೇ ವರ್ಷ ಕಾದೆ. ನಿಮ್ಮ ಮುಖ ನೋಡಿದ್ರೇ ತಿಳೀತಿತ್ತು ರೀ, ನಾಟಕ ಅನ್ನೋ ಶಬ್ದ ಬಂದ್ರೆ ಸಾಕು, ಎದ್ದು ನೀರು ಕುಡಿಯೋಕೆ ಹೋಗ್ತಿದ್ರಿ. ಆಮೇಲೆ ಆಮೇಲೆ ಕಾಯೋಕೆ ಟೈಮೇ ಇರ್ಲಿಲ್ಲ. ಪಾರ್ಟು ಬಾಯಿಪಾಠ ಮಾಡ್ಬೇಕಿತ್ತಲ್ಲ."

"ಯಾವ ಪಾರ್ಟು?"

ಈ ಪ್ರಶ್ನೆಗೆ ಹಿಂದಿನ ಗೋಡೆಯಿಂದ ಕದರಮ್ಮ ಉತ್ತರ ಕೊಟ್ಟರು. "ಪಾಳೆಗಾರನ ಪಾರ್ಟು ಮೇಷ್ಟ್ರೇ! ನಾನು ದಳವಾಯಿ. ಹೊಂಬಾಳಕ್ಕ ಪಾಳೆಗಾರನ ತಾಯಿ."

"ಶನಿವಾರ ಶನಿವಾರ ಭಜನೆ ಅಂತ ಹೋಗ್ತಿದ್ರಲ್ಲ?"

"ಭಜನೆ ಎಲ್ಲಿ ಬಂತು? ಇದೇ ಹಾಲು. ಇವತ್ತೂ ಮೂರು ಗಂಟೆಗೆ ಪ್ರಾಕ್ಟೀಸ್ ಐತೆ. ಹೆಂಗೂ ಬರ್ಬೇಕಿತ್ತು, ನಿಮ್ಮ ಪುಸ್ತಕಾನೂ ತಗಂಡು ಬಂದ್ವಿ ಅಷ್ಟೇಯ."

ಭಾನುಪ್ರಕಾಶರು ಆಸರೆಗಾಗಿ ಮುಂದಿನ ಸಾಲಿನಲ್ಲಿ ರಾಮಾಂಜಿನಯ್ಯನವರನ್ನು ಹುಡುಕಿದರು. ಅವರು ಕುರ್ಚಿಯಲ್ಲಿರಲಿಲ್ಲ. ವೇದಿಕೆಯ ಪಕ್ಕದ ಕೋಣೆಯಿಂದ ಒಂದು ಹಾರ್ಮೋನಿಯಂ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಕಣ್ಣಿಗೆ ಕಣ್ಣು ಬಿದ್ದಾಗ ಪೆಟ್ಟಿಗೆಯ ಹಿಂದೆ ಅಡಗಲು ನೋಡಿದರು, ಪೆಟ್ಟಿಗೆ ಚಿಕ್ಕದಿತ್ತು.

"ನೀವೂನಾ ಸಾರ್?"

"ಶ್ರುತಿ ಹಿಡಿಯೋಕೆ ಯಾರೂ ಇರ್ಲಿಲ್ಲ ಕಣಯ್ಯ. ಹೇಳ್ಬೇಡಿ ಅಂತ ಮೇಡಂ ಭಾಷೆ ತಗೊಂಡಿದ್ರು."

"ಹೋದ ವರ್ಷ ಕುಣಿಗಲ್ಲಲ್ಲಿ ನಮ್ಮ ನಾಟಕಕ್ಕೆ ನೀವೇ ಅತಿಥಿ ಸಾರ್," ಎಂದರು ಪುಟ್ಟರಂಗಯ್ಯ, ಸಮಾಧಾನ ಹೇಳುವ ಧ್ವನಿಯಲ್ಲಿ. "ಪ್ರಮೀಳಮ್ಮನೋರು ತವರಿಗೆ ಹೋಗ್ತೀನಿ ಅಂತ ಹೊರಟಿದ್ರಲ್ಲ, ಆವತ್ತು. ಮಂಡಳಿ ನಮ್ಮದು ಅಂತ ನಿಮಗೆ ತಿಳೀದ ಹಂಗೆ ನಾನು ಬಣ್ಣದ ಕೋಣೇಲೇ ಅವಿತಿದ್ದೆ. ಕೊನೇಲಿ ಪಾಳೆಗಾರನಿಗೆ ನೀವೇ ಹಾರ ಹಾಕಿದ್ರಿ. ಏನು ಗತ್ತು, ಏನು ಮೀಸೆ, ಈಯಮ್ಮನ ಗಂಡ ಮನೇಲಿ ಹೆಂಗಿರ್ತಾನೋ ಪಾಪ ಅಂತ ಹದಿನೈದು ನಿಮಿಷ ಭಾಷಣ ಮಾಡಿದ್ರಿ. ನಾವೆಲ್ಲ ಬಣ್ಣದ ಕೋಣೇಲಿ ಬಿದ್ದು ಬಿದ್ದು ನಕ್ವಿ."

ಈಗ ಬಿದ್ದು ಬಿದ್ದು ನಗುವ ಸರದಿ ಸಭೆಯದಾಗಿತ್ತು. ನಿವೃತ್ತ ತಹಶೀಲ್ದಾರರು ಪಕ್ಕದವರ ಹೆಗಲು ಹಿಡಿದುಕೊಂಡಿದ್ದರು. ಭಾನುಪ್ರಕಾಶರಿಗೆ ಸಿಟ್ಟು ಬರಲಿಲ್ಲ. ಬರಬೇಕೆಂದು ಹುಡುಕಿ ನೋಡಿದರು, ಎಲ್ಲೂ ಸಿಗಲಿಲ್ಲ. ಎರಡು ವರ್ಷದಿಂದ ಎದೆಯ ಮೇಲಿದ್ದ ಲಕೋಟೆ ಇಳಿದಿತ್ತು. ಅವರು ಹೆಂಡತಿಯ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. "ಈಗ ಪ್ರಬಂಧ ಬಂದಿದೆ. ಮೊದಲಿಂದ ಓದ್ತೀನಿ."

ಪುಟ್ಟರಂಗಯ್ಯ ಗಂಟೆ ಬಾರಿಸಿದರು. ಸಮಯ ಮುಗಿದಿತ್ತು.

ಊಟವಾದ ಮೇಲೆ, ಮೂರು ಗಂಟೆಗೆ, ಕುರ್ಚಿಗಳನ್ನು ಗೋಡೆಗೆ ಸರಿಸಿದರು. ಹೊರಗಿನಿಂದ ಇನ್ನೂ ಒಂಬತ್ತು ಜನ ಹೆಂಗಸರು ಕತ್ತಿ ಗುರಾಣಿ ಹಿಡಿದು ಬಂದರು. ರಾಮಾಂಜಿನಯ್ಯ ಶ್ರುತಿ ಹಿಡಿದರು. ಭಾನುಪ್ರಕಾಶರು ಹೊರಡುತ್ತಿದ್ದರು. ಬಾಗಿಲ ಹತ್ತಿರ ಪುಟ್ಟರಂಗಯ್ಯ ತಡೆದರು.

"ಸಾರ್, ಹೋಗ್ಬೇಡಿ. ಸೇವಕನ ಪಾರ್ಟಿನ ತಿಪ್ಪಮ್ಮ ಬಂದಿಲ್ಲ. ಒಂದೇ ಮಾತು. ಪಾಳೆಗಾರ ಕೂಗಿದ್ರೆ ಕೈಕಟ್ಟಿ ನಿಂತು 'ಅಪ್ಪಣೆ ಒಡೆಯಾ' ಅನ್ಬೇಕು. ನಿಮಗೆ ರಂಗಭೂಮಿ ಅಂಶಗಳು ಚೆನ್ನಾಗಿ ಗೊತ್ತಲ್ಲ."

ನಲವತ್ತು ಪುಟ ಬರೆದವರಿಗೆ ಒಂದು ಮಾತು ಯಾವ ಲೆಕ್ಕ? ಭಾನುಪ್ರಕಾಶರು ಚೀಲ ಇಳಿಸಿ, ಎದೆ ಸೆಟೆಸಿ ನಡುವೆ ಬಂದು ನಿಂತರು. ಕೈಯನ್ನು ಸೊಗಸಾಗಿ ಬೀಸಿ, ಕನ್ನಡಿಯ ಮುಂದೆ ತಯಾರಾದ ಆ ಧ್ವನಿಯಲ್ಲಿ ಗುಡುಗಿದರು. "ಅಪ್ಪಣೆ, ಒಡೆಯಾ!"

"ಇಲ್ಲ ಇಲ್ಲ, ನಿಲ್ಲಿಸಿ," ಎಂದರು ಪುಟ್ಟರಂಗಯ್ಯ. "ಇದು ನಟನೆ ಥರ ಕಾಣುತ್ತೆ. ನಿಜ ಅನ್ನಿಸ್ಬೇಕು. ಇನ್ನೊಂದು ಸಲ."

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಪುಟ್ಟರಂಗಯ್ಯ ಅವರನ್ನು ಬಿಟ್ಟು ಪ್ರಮೀಳಾ ಕಡೆ ತಿರುಗಿ ಏನೋ ಪಿಸುಗುಟ್ಟಿದರು. ಪ್ರಮೀಳಾ ಹೆಗಲ ಮೇಲಿನ ಶಾಲು ಕೊಡವಿ, ಕತ್ತಿಯನ್ನು ನೆಲಕ್ಕೆ ಊರಿ, ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಇಡೀ ಸಭಾಂಗಣ ಅಲುಗುವಂಥ ಕಂಠದಲ್ಲಿ, ನಾಟಕದ ಪುಸ್ತಕದಲ್ಲಿ ಇಲ್ಲದ ಮಾತು ಹೇಳಿದರು.

"ಎಲವೋ! ನಮಗೆ ಬಂದ ಓಲೆಯನ್ನು ಎರಡು ವರುಷ ಬಚ್ಚಿಟ್ಟವನು ನೀನೇ ಏನು? ಇನ್ನು ಮುಂದೆ ಶನಿವಾರದ ರೊಟ್ಟಿ ತಟ್ಟುವವನು ಯಾರು?"

ಭಾನುಪ್ರಕಾಶರ ಎದೆ ತಾನಾಗಿ ಒಳಗೆ ಹೋಯಿತು. ತಲೆ ತಗ್ಗಿತು, ಬೆನ್ನು ಬಾಗಿತು, ಎರಡೂ ಕೈ ಹುಡುಕಿಕೊಂಡು ಬಂದು ಕಟ್ಟಿಕೊಂಡವು.

"ಅಪ್ಪಣೆ ಒಡೆಯಾ," ಎಂದರು ಮೆತ್ತಗೆ.

ಹಾರ್ಮೋನಿಯಂ ನಿಂತಿತು. ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕದರಮ್ಮ ಗುರಾಣಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

"ಇದು ಅಭಿನಯ ಅಂದ್ರೆ!" ಎಂದರು ಪುಟ್ಟರಂಗಯ್ಯ. "ಹೆಂಗಸರ ಮಂಡಳಿ ಆದ್ರೂ ಚಿಂತೆ ಇಲ್ಲ, ತಿಪ್ಪಮ್ಮನಿಗೆ ಬೇರೆ ಪಾರ್ಟು ಕೊಡ್ತೀನಿ. ಈ ಸೇವಕ ಕಾಯಂ. ಯಾವ ಶನಿವಾರವೂ ತಪ್ಪಿಸೋ ಹಂಗಿಲ್ಲ ಸಾರ್."

"ನನ್ನ ಪ್ರಬಂಧ ಯಾವಾಗ ಓದೋದು?" ಎಂದು ಕೇಳಿದರು ಭಾನುಪ್ರಕಾಶರು.

ಪ್ರಮೀಳಾ ಆಗಲೇ ಕೈಗನ್ನಡಿ ಹಿಡಿದು ಮೇಲ್ದುಟಿಯ ಮೇಲೆ ಮೀಸೆ ಇಟ್ಟು ನೋಡಿಕೊಳ್ಳುತ್ತಿದ್ದರು.

"ರೀ," ಎಂದರು ತಿರುಗದೆಯೇ, "ಆ ಗೋಂದಿನ ಡಬ್ಬಿ ಸ್ವಲ್ಪ ಹಿಡ್ಕೊಳ್ಳಿ."